ಸೋಮವಾರದ ಸಾಲು

ತೆರಕಣಾಂಬಿ
22-2-2006

ಸೌ. ನಯನಾಳಿಗೆ,

ನಿನ್ನ ಅತ್ತೆ ಬರೆಯುವುದು. ಮನೆಯವರ ಆರೋಗ್ಯ, ಹಸು ಕರು ಹಾಕಿದ್ದು ಎಲ್ಲವನ್ನೂ ನಿನ್ನ ಗಂಡ ಫೋನಿನಲ್ಲಿ ಹೇಳಿರುತ್ತಾನೆ. ಅದನ್ನೇ ಮತ್ತೆ ಬರೆದು ಕಾಗದ ತುಂಬಿಸುವ ಅಭ್ಯಾಸ ನನಗಿಲ್ಲ.

ನೀನು ಮಂಗಳೂರಿನಿಂದ ಕಳುಹಿಸಿದ ಪತ್ರಿಕೆ ತಲುಪಿತು. ಇಂಗ್ಲಿಷಾದರೂ ನಾನು ಎಸ್.ಎಸ್.ಎಲ್.ಸಿ. ಪಾಸಾದವಳು, ಅಕ್ಷರ ಕೂಡಿಸಿಕೊಂಡು ಓದಬಲ್ಲೆ. ನಮ್ಮ ಕೆರೆಯ ನೀರು ಯಾವ ತಿಂಗಳು ಎಷ್ಟು ತಿಳಿಯಾಗಿತ್ತು, ಅದರಿಂದ ಮೀನಿನ ಬೆಳವಣಿಗೆ ಹೇಗೆ ಏರಿಳಿಯಿತು ಎಂದು ನೀನು ಬರೆದಿರುವುದು ಅರ್ಥವಾಯಿತು. ಕೊನೆಯ ಪುಟದಲ್ಲಿ ಉಪಕಾರ ನೆನೆದಿರುವ ಕಡೆ ನನ್ನ ಹೆಸರು, ಊರಿನ ಹೆಸರು ಎರಡೂ ತಪ್ಪಿಲ್ಲದೆ ಅಚ್ಚಾಗಿವೆ.

ಮದುವೆಯಾದ ಹೊಸದರಲ್ಲಿ ನೀನು ಮೀನಿನ ವಿಷಯದಲ್ಲಿ ಡಾಕ್ಟರೇಟು ಮಾಡುತ್ತೇನೆ ಎಂದಾಗ ಬೇಡವೆಂದವಳು ನಾನೇ. ಲಿಂಗ ಕಟ್ಟಿಕೊಂಡವರ ಮನೆಯ ಸೊಸೆ ಮೀನು ಮುಟ್ಟುವುದೆಂದರೇನು ಎಂದು ಕೇಳಿದ್ದೆ. ಆ ಮಾತನ್ನು ಈಗಲೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ನೀನು ಮೀನಿಗಿಂತ ನೀರನ್ನೇ ಹೆಚ್ಚು ಮುಟ್ಟಿದ್ದೀಯೆ ಎಂದು ತಿಳಿಯಿತು.

ಪತ್ರಿಕೆಯನ್ನು ಮನೆಗೆ ಬಂದವರಿಗೆಲ್ಲ ತೋರಿಸಿದ್ದೇನೆ. ಹೈಸ್ಕೂಲಿನ ಹೆಡ್‌ಮಾಸ್ತರು ನೋಡಿ, “ವಾರಕ್ಕೆರಡು ಸಲದಂತೆ ಒಂದು ವರ್ಷ ಬಿಡದೆ ಬರೆದಿದ್ದೀರಾ ಅವ್ವಾ?” ಎಂದು ಬೆರಗಾದರು. ಪುಟ್ಟಮಾದು ತೆಪ್ಪದಲ್ಲಿ ಹೋಗಿ ನಿನ್ನ ಕಪ್ಪು-ಬಿಳಿ ತಟ್ಟೆಯನ್ನು ನೀರಿಗೆ ಇಳಿಬಿಟ್ಟು, ಅದು ಕಣ್ಣಿಗೆ ಮರೆಯಾಗುವ ಕಡೆ ಹಗ್ಗ ಹಿಡಿದು, ಗುರುತು ಎಣಿಸಿ ಬಂದು ಹೇಳುತ್ತಿದ್ದುದನ್ನು ಅವರಿಗೆ ವಿವರಿಸಿದೆ. ಅವನ ಹೆಬ್ಬೆಟ್ಟನ್ನು ಪುಸ್ತಕದಲ್ಲಿ ಒತ್ತಿಸಿಕೊಳ್ಳದೆ ನಾನು ಅವನನ್ನು ಜಗಲಿಯಿಂದ ಇಳಿಯಗೊಟ್ಟವಳಲ್ಲ ಎಂದೂ ಹೇಳಿದೆ.

ಊಟ ಹೊತ್ತಿಗೆ ಸರಿಯಾಗಿ ಮಾಡು.

ನಿನ್ನ ಅತ್ತೆ,
ಚಿಕ್ಕಮಲ್ಲಮ್ಮ


ಮಂಗಳೂರು
3-6-2006

ಪೂಜ್ಯ ಅತ್ತೆಯವರಿಗೆ,

ನಯನಾಳ ನಮಸ್ಕಾರಗಳು. ಫೋನು ನಡುಮನೆಯಲ್ಲಿದೆ, ಎಲ್ಲರೂ ಕೇಳಿಸಿಕೊಳ್ಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಪತ್ರಿಕೆಯ ಸಂಪಾದಕರು ಚೆನ್ನೈನಿಂದ ಕಾಗದ ಬರೆದಿದ್ದಾರೆ. ನನ್ನ ಲೇಖನದ ಅಂಕಿಗಳ ಬಗ್ಗೆ ಓದುಗರೊಬ್ಬರು ಅನುಮಾನ ಎತ್ತಿದ್ದಾರಂತೆ. ಹೀಗಾದಾಗ, ಅಳತೆಯನ್ನು ಮೊದಲ ಸಲ ಬರೆದುಕೊಂಡ ಮೂಲ ಪುಸ್ತಕವನ್ನು ಲೇಖಕರು ತೋರಿಸಬೇಕು. ಇದು ಎಲ್ಲರಿಗೂ ಇರುವ ನಿಯಮ, ದಯವಿಟ್ಟು ಬೇರೆ ಅರ್ಥ ಮಾಡಿಕೊಳ್ಳಬೇಡಿ.

ನನ್ನ ಹತ್ತಿರ ಇರುವುದು ನೀವು ದುಂಡಗೆ ಬರೆದುಕೊಟ್ಟ ನಕಲು. ಮೂಲ ಪುಸ್ತಕವನ್ನು ದಯವಿಟ್ಟು ರಿಜಿಸ್ಟರ್ ಅಂಚೆಯಲ್ಲಿ ಕಳುಹಿಸಿಕೊಡಿ. ಅದರಲ್ಲಿ ಪುಟ್ಟಮಾದುವಿನ ಹೆಬ್ಬೆಟ್ಟು ಇರುವುದರಿಂದ ಬೇರೆ ಸಾಕ್ಷಿಯೇ ಬೇಡ. ಜುಲೈ 31ರ ಒಳಗೆ ಉತ್ತರ ಹೋಗದಿದ್ದರೆ ಲೇಖನವನ್ನು ಸುಳ್ಳು ಎಂದು ಹಿಂತೆಗೆಯುತ್ತಾರೆ. ನನ್ನ ಪ್ರಬಂಧದ ಮೂರನೆಯ ಅಧ್ಯಾಯ ಅದೇ. ಅದು ಬಿದ್ದರೆ ನಾಲ್ಕು ವರ್ಷದ ಓದು ಅಲ್ಲಿಗೆ ನಿಲ್ಲುತ್ತದೆ. ದಯವಿಟ್ಟು ತಡ ಮಾಡಬೇಡಿ.

ನಿಮ್ಮ
ನಯನಾ


ತೆರಕಣಾಂಬಿ
10-6-2006

ಸೌ. ನಯನಾಳಿಗೆ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ‘ದಯವಿಟ್ಟು’ ಎಂಬುದು ಮೂರು ಕಡೆ ಇದೆ. ಅಷ್ಟೊಂದು ದಯವಿಟ್ಟು ಹಾಕಬೇಕಾದರೆ ಹೇಳದೆ ಉಳಿಸಿಕೊಂಡದ್ದು ಬೇರೆ ಏನೋ ಇದೆ.

ಮೂಲ ಪುಸ್ತಕ ಮನೆಯಲ್ಲೇ ಇದೆ. ಕಳುಹಿಸುವ ಅಗತ್ಯ ನನಗೆ ಕಾಣುವುದಿಲ್ಲ. ಅದರಲ್ಲಿ ಅರಿಶಿನದ ಕಲೆ ಇದೆ, ಪುಟ್ಟಮಾದುವಿನ ಒದ್ದೆ ಕೈಯ ನೀರು ಇದೆ. ಹೊರಗಿನವರಿಗೆ ತೋರಿಸುವಂಥದ್ದಲ್ಲ. ತೋರಿಸಲೆಂದೇ ನಕಲು ಮಾಡಿಕೊಟ್ಟೆ. ಶಾಂತಮಲ್ಲಪ್ಪನವರ ಮನೆಯಿಂದ ಹೋದ ಬರಹಕ್ಕೆ ಈ ತಾಲ್ಲೂಕಿನಲ್ಲಿ ಯಾರೂ ಸಾಕ್ಷಿ ಕೇಳಿಲ್ಲ ಎಂದು ಚೆನ್ನೈನವರಿಗೆ ಬರೆ. ನಿನ್ನ ಮಾವನವರು ಇದ್ದಿದ್ದರೆ ಇಂಥ ಕಾಗದ ಈ ಮನೆಗೆ ಬರುತ್ತಲೇ ಇರಲಿಲ್ಲ.

ಅಷ್ಟಕ್ಕೂ ಅನುಮಾನ ಯಾವ ಅಂಕಿಯ ಮೇಲೆ? ಅದನ್ನು ನೀನು ಬರೆಯಲೇ ಇಲ್ಲ.

ಚಿಕ್ಕಮಲ್ಲಮ್ಮ


ಮಂಗಳೂರು
19-6-2006

ಪೂಜ್ಯ ಅತ್ತೆಯವರಿಗೆ,

ನಮಸ್ಕಾರಗಳು. ನೀವು ಕೇಳಿದ್ದಕ್ಕೆ ಬರೆಯುತ್ತೇನೆ.

ಗುರುವಾರದ ಅಂಕಿಗಳ ಮೇಲೆ ಯಾರಿಗೂ ಅನುಮಾನವಿಲ್ಲ. ಇರುವುದು ಸೋಮವಾರದವುಗಳ ಮೇಲೆ. ಹಿಂದಿನ ಗುರುವಾರ ನಲವತ್ತೊಂದು, ಮುಂದಿನ ಗುರುವಾರ ನಲವತ್ತಾರು ಸೆಂಟಿಮೀಟರ್ ಇದ್ದರೆ ನಡುವಿನ ಸೋಮವಾರ ನಲವತ್ತಮೂರೂವರೆ ಎಂದಿದೆ. ಐವತ್ತೆರಡು ಸೋಮವಾರವೂ ಹೀಗೆಯೇ, ಎರಡು ಗುರುವಾರಗಳ ಸರಿಯಾಗಿ ನಡು. ನಾನು ಹಗ್ಗಕ್ಕೆ ಕಟ್ಟಿಕೊಟ್ಟದ್ದು ಪೂರ್ತಿ ಸೆಂಟಿಮೀಟರಿನ ಗುರುತುಗಳು ಮಾತ್ರ. ಅರ್ಧದ ಗುರುತು ಅದರಲ್ಲಿಲ್ಲ.

2004ರ ಆಗಸ್ಟಿನಲ್ಲಿ ಒಂದು ಭಾನುವಾರ ದೊಡ್ಡ ಮಳೆ ಬಿದ್ದದ್ದು ಮಳೆಯ ದಾಖಲೆಯಲ್ಲಿದೆ. ಮಾರನೆಯ ದಿನ ಕೆರೆಗೆ ಕೆಮ್ಮಣ್ಣಿನ ನೀರು ತುಂಬಿರಬೇಕು. ನಮ್ಮ ಅಂಕಿಯ ಪ್ರಕಾರ ಅವತ್ತೂ ನೀರು ತಿಳಿಯಾಗಿಯೇ ಇತ್ತು.

ಅತ್ತೆ, ಸೋಮವಾರಗಳಲ್ಲಿ ಪುಟ್ಟಮಾದು ಕೆರೆಗೆ ಹೋಗದೆಯೇ ಬಾಯಿಗೆ ಬಂದದ್ದು ಹೇಳಿರಬಹುದೇ? ನಿಮಗಾದರೂ ಅವನು ಹೇಳಿದಷ್ಟೇ ತಾನೇ ಗೊತ್ತಿರುವುದು.

ನಿಮ್ಮ
ನಯನಾ


ತೆರಕಣಾಂಬಿ
28-6-2006

ಸೌ. ನಯನಾಳಿಗೆ,

ಗುಂಡ್ಲುಪೇಟೆ ಹೈಸ್ಕೂಲಿನಲ್ಲಿ ಗಣಿತಕ್ಕೆ ನನಗೆ ನೂರಕ್ಕೆ ಎಂಬತ್ತೆಂಟು ಬಂದಿತ್ತು. ನನ್ನ ಬರಹದಲ್ಲಿ ಲೆಕ್ಕದ ತಪ್ಪು ಇರುವುದಿಲ್ಲ.

ತೆಪ್ಪದಲ್ಲಿ ಕುಳಿತು ಹೋದವಳು ನಾನಲ್ಲ. ನೀರಿನ ನಡುವೆ ಏನು ನಡೆಯಿತೆಂದು ಜಗಲಿಯ ಮೇಲಿದ್ದವಳನ್ನು ಕೇಳಿದರೆ ಏನು ಹೇಳಲಿ? ಪುಟ್ಟಮಾದುವನ್ನು ಕೇಳಬೇಕು. ನಿನ್ನ ಪ್ರೊಫೆಸರನ್ನೂ ಕೇಳು. ಅವರು ವರ್ಷಕ್ಕೊಂದು ಸಲ ಕಾರಿನಲ್ಲಿ ಬಂದು, ಕೆರೆ ಏರಿಯ ಮೇಲೆ ನಿಂತು, ನಮ್ಮ ಮನೆಯ ಕಾಫಿ ಕುಡಿದು ಹೋದವರು. ಅರ್ಧವೋ ಪೂರ್ತಿಯೋ ಅವರಾದರೂ ಅವತ್ತೇ ನೋಡಬಹುದಾಗಿತ್ತು.

ಪುಸ್ತಕವನ್ನು ಹುಡುಕಬೇಕು. ಮನೆಗೆ ಸುಣ್ಣ ಹೊಡೆಸಿದಾಗ ಪೆಟ್ಟಿಗೆಗಳ ಜಾಗ ಬದಲಾಗಿದೆ.

ಚಿಕ್ಕಮಲ್ಲಮ್ಮ


ಮಂಗಳೂರು
5-7-2006

ಪೂಜ್ಯ ಅತ್ತೆಯವರಿಗೆ,

ನಮಸ್ಕಾರಗಳು. ನಿಮ್ಮ ಮಾತಿನಂತೆ ಉತ್ತರದ ಕರಡು ಸಿದ್ಧ ಮಾಡಿದ್ದೇನೆ. ಸೋಮವಾರಗಳಂದು ತೆಪ್ಪ ನಡೆಸುವವನು ಅಳೆಯದೆಯೇ ಅಂಕಿ ಕೊಟ್ಟಿದ್ದಾನೆ, ಅದು ನನಗೆ ತಿಳಿಯಲಿಲ್ಲ ಎಂದು ಅದರಲ್ಲಿದೆ. ಯಾರು ಎಂದು ಹೆಸರು ಹೇಳಬೇಕಾಗುತ್ತದೆ. ಅವನ ಹೆಸರು ಬರೆದಿದ್ದೇನೆ.

ಇನ್ನೊಂದು ವಿಷಯ. ಮುಂದಿನ ವರ್ಷದಿಂದ ಮೂರು ಕೆರೆಗಳಲ್ಲಿ ಹೊಸ ಕೆಲಸ ಶುರುವಾಗುತ್ತದೆ. ಅದಕ್ಕೆ ಸಂಬಳದ ಸಹಾಯಕನಾಗಿ ಪುಟ್ಟಮಾದುವನ್ನು ನಾನೇ ಸೂಚಿಸಿದ್ದೆ, ಒಪ್ಪಿಗೆಯೂ ಆಗಿತ್ತು. ಈ ಉತ್ತರ ಹೋದ ದಿನ ಅದು ರದ್ದಾಗುತ್ತದೆ.

ಪುಸ್ತಕ ಮನೆಯಲ್ಲೇ ಇದೆ ಎಂದು ಜೂನ್ ಹತ್ತರಂದು ಬರೆದಿದ್ದಿರಿ. ಈಗ ಹುಡುಕಬೇಕು ಎಂದಿದ್ದೀರಿ. ಎರಡು ಕಾಗದಗಳೂ ನನ್ನ ಮೇಜಿನ ಮೇಲೆ ಪಕ್ಕಪಕ್ಕ ಇವೆ.

ನಿಮ್ಮ
ನಯನಾ


ಮಂಗಳೂರು
18-7-2006

ಪೂಜ್ಯ ಅತ್ತೆಯವರಿಗೆ,

ಹದಿಮೂರು ದಿನವಾಯಿತು, ನಿಮ್ಮಿಂದ ಕಾಗದವಿಲ್ಲ. ಫೋನು ಮಾಡಿದಾಗಲೆಲ್ಲ ನೀವು ಪೂಜೆಯಲ್ಲಿದ್ದೀರಿ ಎಂದು ನಿಮ್ಮ ಮಗ ಹೇಳುತ್ತಾರೆ. ಭಾನುವಾರ ಮಧ್ಯಾಹ್ನ ಮೂರು ಗಂಟೆಗೂ ಪೂಜೆಯಲ್ಲೇ ಇದ್ದಿರಿ.

ನನ್ನ ಉತ್ತರವನ್ನು 24ರಂದು ಅಂಚೆಗೆ ಹಾಕಬೇಕು. ಅದರಲ್ಲಿ ಪುಟ್ಟಮಾದುವಿನ ಹೆಸರಿದೆ. ಆ ಹೆಸರನ್ನು ತೆಗೆಯಬೇಕಾದರೆ ಅಲ್ಲಿ ಇನ್ನೊಂದು ಹೆಸರು ಬರೆಯಬೇಕು. ಅದನ್ನು ನಾನಾಗಿ ಬರೆಯುವುದಿಲ್ಲ.

ನಯನಾ


ತೆರಕಣಾಂಬಿ
21-7-2006

ಸೌ. ನಯನಾಳಿಗೆ,

ಈ ಕಾಗದವನ್ನೂ ಪುಸ್ತಕವನ್ನೂ ನಿನ್ನ ಗಂಡ ಬಸವಪ್ರಸಾದನ ಕೈಯಲ್ಲೇ ಕಳುಹಿಸುತ್ತಿದ್ದೇನೆ. ಬ್ಯಾಂಕಿಗೆ ರಜೆ ಹಾಕಿಸಿ ಬಸ್ಸು ಹತ್ತಿಸುತ್ತಿದ್ದೇನೆ. ಅಂಚೆಯನ್ನು ನಂಬುವಷ್ಟು ದಿನ ಉಳಿದಿಲ್ಲ.

ಅವನಿಗೆ ನೀನು ವಿಷಯ ಹೇಳಿದ್ದೀಯೆ. ಅವನು ಹೋಗಿ ಪುಟ್ಟಮಾದುವನ್ನು ಕೇಳಿದ್ದಾನೆ. ನಿನ್ನೆ ಬೆಳಿಗ್ಗೆ ಪುಟ್ಟಮಾದುವೂ ಅವನ ಹೆಂಡತಿ ಸೋಮಮ್ಮನೂ ಬಂದು ಜಗಲಿಯ ಕೆಳಗೆ ನಿಂತರು. ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ.

“ಅವ್ವಾ, ನಾನು ಸುಳ್ಳು ಏಳಿವ್ನಿ ಅಂತ ಬುಕ್ಕಲ್ಲಿ ಅಚ್ಚಾಯ್ತದಂತಲ್ಲ?”

“ಯಾರೋ ಹೇಳಿದ್ದು?”

“ಚಿಕ್ಕಬುದ್ದಿಯೋರು. ನೀವೇ ಏಳಿ ಅವ್ವಾ, ಸ್ವಾಮಾರ ನಾನು ಯಾವತ್ತು ನೀರ್ಗಿಳ್ದಿದ್ದೆ? ಇಳ್ದಿದ್ರೆ ನೀವೇ ನನ್ ಕಾಲ್ ಮುರ್ದು ಏರಿ ಮ್ಯಾಲೆ ಕೂರಿಸ್ಬುಡ್ತಿದ್ರಿ.”

ಸೋಮಮ್ಮನ ಬಾಯಿ ನಿನಗೆ ಗೊತ್ತಲ್ಲ. “ನಾ ಆಗ್ಲೇ ಬಡ್ಕೊಂಡೆ ಕಣವ್ವಾ, ದೊಡ್ಡೋರ ಪುಸ್ತಕದೊಳಕ್ಕೆ ಬೆಳ್ಳು ಮಡಗ್ಬ್ಯಾಡ ಅಂತ. ಈಯಪ್ಪ ಎಬ್ಬೆಟ್ಟೇ ಮಡಗ್ಬುಟ್ಟ!” ಎಂದಳು.

“ಸುಮ್ಕಿರಮ್ಮಿ,” ಎಂದು ಅವನು ಗದರಿಸಿದ.

ನಾನು, “ನಿನ್ ಹೆಸ್ರು ಅಚ್ಚಾಗಲ್ಲ. ಮನೆಗೆ ನಡಿ,” ಎಂದೆ.

ಅವನು ಹೋಗಲಿಲ್ಲ. “ಅಂಗಾರೆ ಇನ್ಯಾರ್ದು ಅಚ್ಚಾಯ್ತದವ್ವಾ?” ಎಂದು ಕೇಳಿದ.

ನನಗೆ ವಾದಿಸುವವರ ಹತ್ತಿರ ಮಾತನಾಡಿ ಗೊತ್ತು. ಅವನು ವಾದಿಸುತ್ತಿರಲಿಲ್ಲ. ತಿಳಿದುಕೊಳ್ಳಲೆಂದೇ ಕೇಳಿದ. ನಾನು ಎದ್ದು ಒಳಗೆ ಬಂದೆ.

ಸೋಮವಾರ ನಮ್ಮಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಕೆರೆಗೆ ತೆಪ್ಪವನ್ನೂ ಬಿಡುವುದಿಲ್ಲ, ಬಲೆಯನ್ನೂ ಹಾಕುವುದಿಲ್ಲ. ನಿನ್ನ ಮಾವನವರ ತಂದೆಯ ಕಾಲದಿಂದ ನಡೆದು ಬಂದದ್ದು. ನೀನು ಚಾಮರಾಜನಗರದ ಪೇಟೆಯಲ್ಲಿ ಬೆಳೆದವಳು, ಎತ್ತು ಕಂಡವಳಲ್ಲ. ಸೋಮವಾರ, ಗುರುವಾರ ಎಂದು ಕಾಗದದಲ್ಲಿ ಬರೆದುಕೊಂಡು ಬಂದೆ. ಪುಸ್ತಕ ಪೆನ್ನು ನನ್ನ ಕೈಗೆ ಕೊಟ್ಟು, “ಅತ್ತೆ, ನಿಮ್ಮಿಂದ ಆಗುತ್ತದೆಯೇ?” ಎಂದು ಕೇಳಿದೆ. ಆಗುತ್ತದೆ ಎಂದೆ.

ನಾನು ಶಾಲೆ ಬಿಟ್ಟ ನಲವತ್ತೆರಡು ವರ್ಷಕ್ಕೆ ಒಬ್ಬರು ನನ್ನ ಕೈಗೆ ಪೆನ್ನು ಕೊಟ್ಟಿದ್ದರು. ಆಗುತ್ತದೆ ಎಂದವಳು ಮತ್ತೆ ನಿನ್ನ ಮುಂದೆ ಬಂದು ಸೋಮವಾರ ಆಗುವುದಿಲ್ಲ ಎನ್ನಲು ನನಗೆ ನಾಲಗೆ ಏಳಲಿಲ್ಲ.

ಮೊದಲ ಸೋಮವಾರ ಖಾಲಿ ಬಿಟ್ಟೆ. ಎರಡನೆಯ ಸೋಮವಾರವೂ ಬಿಟ್ಟೆ. ಪುಟ ತೆರೆದಾಗಲೆಲ್ಲ ಆ ಎರಡು ಸಾಲುಗಳೇ ಕಾಣುತ್ತಿದ್ದವು. ನಮ್ಮ ಗಣಿತದ ಮೇಷ್ಟರು ತಪ್ಪು ಉತ್ತರಕ್ಕೂ ಒಂದೆರಡು ಅಂಕ ಕೊಡುತ್ತಿದ್ದರು, ಖಾಲಿ ಜಾಗಕ್ಕೆ ಸೊನ್ನೆ ಸುತ್ತುತ್ತಿದ್ದರು. ಆಚೆ ಈಚೆ ಎರಡು ಗುರುವಾರಗಳು ಗೊತ್ತಿದ್ದವು. ಅರ್ಧ ಮಾಡಿ ತುಂಬಿದೆ. ಕೈಗೆ ಬಂದ ಅಂಕಿ ಗೀಚಲಿಲ್ಲ, ಭಾಗಿಸಿ ನೋಡಿ ಬರೆದೆ. ಅದು ಸುಳ್ಳು ಎಂದು ನನಗೆ ಆಗ ಅನ್ನಿಸಲಿಲ್ಲ, ಲೆಕ್ಕ ಎಂದುಕೊಂಡಿದ್ದೆ. ಆದರೆ ‘ಪುಟ್ಟಮಾದುವನ್ನು ಕೇಳಬೇಕು’ ಎಂದು ಜೂನ್ 28ರಂದು ಬರೆದೆನಲ್ಲ, ಅದು ಸುಳ್ಳು ಎಂದು ಬರೆಯುವಾಗಲೇ ಗೊತ್ತಿತ್ತು.

ಪುಸ್ತಕವನ್ನು ತೆರೆದು ನೋಡು. ಗುರುವಾರದ ಸಾಲುಗಳಲ್ಲಿ ಅವನ ಹೆಬ್ಬೆಟ್ಟಿದೆ. ಸೋಮವಾರದ ಒಂದರಲ್ಲೂ ಇಲ್ಲ. ಯಾರು ಏನು ಮಾಡಿದರೆಂದು ಓದು ಬಾರದವರಿಗೂ ತಿಳಿಯುತ್ತದೆ. ಅದಕ್ಕೇ ಅದನ್ನು ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದೆ.

ಸಂಪಾದಕರಿಗೆ ಕೆಳಗಿನಂತೆ ಬರೆದಿದ್ದೇನೆ. ಇಂಗ್ಲಿಷಿಗೆ ತಿರುಗಿಸಿ ಕಳುಹಿಸು. ಒಂದು ಪದವನ್ನೂ ಮೆತ್ತಗೆ ಮಾಡಬೇಡ.

‘ಮಾನ್ಯರೇ, ತೆರಕಣಾಂಬಿಯ ದಿವಂಗತ ಶಾಂತಮಲ್ಲಪ್ಪನವರ ಪತ್ನಿ ಚಿಕ್ಕಮಲ್ಲಮ್ಮ ಬರೆಯುವುದು. ಸೋಮವಾರದ ಐವತ್ತೆರಡು ಅಂಕಿಗಳನ್ನು ಯಾರೂ ಅಳೆದಿಲ್ಲ. ನಾನೇ ಬರೆದೆ. ಪುಟ್ಟಮಾದುವಿನ ಗುರುವಾರದ ಅಂಕಿಗಳು ಸತ್ಯ. ನನ್ನ ಸೊಸೆಗೆ ಇದು ತಿಳಿದಿರಲಿಲ್ಲ. ತಪ್ಪನ್ನು ನನ್ನ ಹೆಸರಿನಲ್ಲೇ ಅಚ್ಚು ಹಾಕಬೇಕು.’

ಚಿಕ್ಕಮಲ್ಲಮ್ಮ


ಮಂಗಳೂರು
28-8-2006

ಪೂಜ್ಯ ಅತ್ತೆಯವರಿಗೆ,

ನಮಸ್ಕಾರಗಳು. ಒಂದು ತಿಂಗಳಿಗೂ ಮಿಕ್ಕಿ ಬರೆಯದೆ ಇದ್ದದ್ದು ಕೋಪದಿಂದಲ್ಲ. ಸಂಪಾದಕರ ತೀರ್ಮಾನ ಬರಲಿ ಎಂದಿದ್ದೆ.

ನಿಮ್ಮ ಪತ್ರವನ್ನು ಇಂಗ್ಲಿಷಿಗೆ ತಿರುಗಿಸುವಾಗ ಒಂದು ವಾಕ್ಯದ ಮುಂದೆ ಕೈ ನಿಂತಿತು. ‘ನನ್ನ ಸೊಸೆಗೆ ಇದು ತಿಳಿದಿರಲಿಲ್ಲ.’ ಅದನ್ನು ನೀವು ಬರೆದಂತೆಯೇ ಬಿಟ್ಟು, ಕೆಳಗೆ ನನ್ನ ಕೈಯಲ್ಲಿ ಎರಡು ಸಾಲು ಸೇರಿಸಿದೆ. ಏನೆಂದು ನಿಮಗೂ ತಿಳಿಸಬೇಕು.

ಹೋದ ವರ್ಷ ಆಗಸ್ಟಿನಲ್ಲಿ ನಿಮ್ಮ ನಕಲನ್ನು ನೋಡಿಕೊಂಡು ನಕ್ಷೆ ಎಳೆಯುತ್ತಿದ್ದೆ. ಒಂದೊಂದು ಸೋಮವಾರದ ಚುಕ್ಕೆಯೂ ಎರಡು ಗುರುವಾರಗಳ ನಡುವಿನ ಗೆರೆಯ ಮೇಲೇ ಬಂದು ಕೂರುತ್ತಿತ್ತು. ಹತ್ತನೆಯದು ಕೂತಾಗ ನನಗೆ ತಿಳಿಯಿತು. ಕೇಳಬೇಕು ಎಂದುಕೊಂಡೆ. ಕೇಳುವುದೆಂದರೆ ನಿಮ್ಮನ್ನು ಕೇಳುವುದು. ಆ ಪುಸ್ತಕ ಕೊಟ್ಟ ಮೇಲೆ ಅಲ್ಲವೇ ನೀವು ನನ್ನೊಡನೆ ನಾಲ್ಕು ಮಾತಾಡತೊಡಗಿದ್ದು? ಅದು ನಿಂತುಹೋಗುತ್ತದೆ ಎಂದು ಹೆದರಿ ನಕ್ಷೆಯನ್ನು ಮುಗಿಸಿಬಿಟ್ಟೆ. ಸಂಪಾದಕರ ಕಾಗದ ಬಂದಾಗಲೂ ಗೊತ್ತಿಲ್ಲದವಳಂತೆ ಪುಟ್ಟಮಾದುವಿನ ಹೆಸರನ್ನು ಮೊದಲು ಎತ್ತಿದವಳು ನಾನೇ.

ಲೇಖನವನ್ನು ಹಿಂತೆಗೆದಿದ್ದಾರೆ. ಪ್ರಕಟಣೆಯ ಪ್ರತಿಯನ್ನು ಇದರೊಡನೆ ಇಟ್ಟಿದ್ದೇನೆ. ಅದರಲ್ಲಿ ನಿಮ್ಮ ಹೆಸರಿಲ್ಲ, ಪುಟ್ಟಮಾದುವಿನದೂ ಇಲ್ಲ. ಲೇಖಕರೆಂದು ಸಹಿ ಹಾಕಿದವರು ಪ್ರತಿ ಅಂಕಿಗೂ ಹೊಣೆ, ನೆರವಾದವರ ಹೆಸರನ್ನು ತಪ್ಪಿಗೆ ಅಚ್ಚು ಹಾಕುವ ಪದ್ಧತಿ ತಮ್ಮಲ್ಲಿಲ್ಲ ಎಂದು ಸಂಪಾದಕರು ಬರೆದಿದ್ದಾರೆ. ಹೊಣೆ ನನ್ನದೆಂದು ಸಹಿ ಹಾಕಿಕೊಟ್ಟೆ. ಮೂರನೆಯ ಅಧ್ಯಾಯವನ್ನು ಮೊದಲಿನಿಂದ ಮಾಡಬೇಕು, ಇನ್ನೊಂದು ವರ್ಷದ ಅಳತೆ ಬೇಕು. ಓದು ನಿಲ್ಲಲಿಲ್ಲ. ಪುಟ್ಟಮಾದುವಿನ ಕೆಲಸವೂ ಉಳಿಯಿತು.

ಅತ್ತೆ, ಸೋಮವಾರವೇ ಆಗಬೇಕೆಂಬ ನಿಯಮ ಯಾವ ಪುಸ್ತಕದಲ್ಲೂ ಇರಲಿಲ್ಲ. ಒಂದು ಮಾತು ಹೇಳಿದ್ದರೆ ಮಂಗಳವಾರ ಮಾಡಬಹುದಿತ್ತು. ಒಂದು ಮಾತು ನಾನೂ ಕೇಳಬಹುದಿತ್ತು.

ಇನ್ನೊಂದು ವರ್ಷ ಬರೆಯುತ್ತೀರಾ?

ನಿಮ್ಮ
ನಯನಾ


ತೆರಕಣಾಂಬಿ
21-9-2006

ಸೌ. ನಯನಾಳಿಗೆ,

ನಿನ್ನ ಸಂಪಾದಕರ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಉಪಕಾರಕ್ಕೆ ನನ್ನ ಹೆಸರು ಬೇಕಾಗಿತ್ತು, ತಪ್ಪಿಗೆ ಬೇಡವಾಯಿತೇ? ಆ ಪ್ರಕಟಣೆಯನ್ನು ಪತ್ರಿಕೆಯ ಕೊನೆಯ ಪುಟದಲ್ಲಿ, ನನ್ನ ಹೆಸರಿರುವ ಸಾಲಿನ ಕೆಳಗೆ ಅಂಟಿಸಿದ್ದೇನೆ. ಮೊದಲು ನೋಡಿದವರನ್ನೆಲ್ಲ ಕರೆದು ತೋರಿಸುತ್ತಿದ್ದೇನೆ. ಹೆಡ್‌ಮಾಸ್ತರು ಓದಿ, ಕನ್ನಡಕ ಒರೆಸಿಕೊಂಡು, “ಇದನ್ನು ತೋರಿಸಬೇಕಾಗಿರಲಿಲ್ಲ ಅವ್ವಾ,” ಎಂದರು. ಅದನ್ನು ತೋರಿಸಿದವಳು ಇದನ್ನೂ ತೋರಿಸಬೇಕು ಎಂದೆ.

ನೀನು ಕಂಡೂ ಸುಮ್ಮನಿದ್ದೆ ಎಂಬುದನ್ನು ಓದಿದೆ. ಅದಕ್ಕೆ ನಾನು ಏನೂ ಹೇಳುವುದಿಲ್ಲ. ಹೇಳುವ ಅರ್ಹತೆ ನನಗಿಲ್ಲವೆಂದಲ್ಲ, ಊರಿಗೆ ಬಂದಾಗ ಎದುರಿಗೇ ಹೇಳುತ್ತೇನೆ.

ಮಂಗಳವಾರದ ವಿಷಯವನ್ನು ಮೊದಲು ಪುಟ್ಟಮಾದುವನ್ನೇ ಕೇಳಿದೆ. “ಮಂಗ್ಳಾರ, ಗುರ್ವಾರ ಆಗ್ತದೇನೋ?” ಎಂದೆ.

“ಆಯ್ತದೆ ಕಣವ್ವಾ,” ಎಂದ. ಹೊರಟವನು ತಿರುಗಿ, “ನನ್ನ ಕೇಳಿದ್ದು ಇದೇ ಮೊದ್ಲು ನೀವು,” ಎಂದು ನಕ್ಕ. ಗದರಿಸಿ ಕಳುಹಿಸಿದೆ.

ಹೊಸ ಪುಸ್ತಕ ತಂದಿದ್ದೇನೆ. ಇನ್ನು ಮುಂದೆ ನಕಲು ಮಾಡುವುದಿಲ್ಲ. ಅರಿಶಿನವಿರಲಿ, ನೀರಿರಲಿ, ಇದೇ ಪುಟಗಳು ನಿನಗೆ ಬರುತ್ತವೆ. ಹೋದ ವಾರ ಮಂಗಳವಾರ ಪುಟ್ಟಮಾದು ಜ್ವರದಲ್ಲಿ ಮಲಗಿದ್ದ. ಗುರುವಾರದ ಅಂಕಿ ಬಂದ ಮೇಲೆ ಕೈ ತಾನಾಗಿಯೇ ಮೇಲಿನ ಸಾಲಿಗೆ ಹೋಯಿತು. ಮೂವತ್ತಾರೂವರೆ ಎಂದು ತಲೆಯಲ್ಲಿ ಆಗಲೇ ಬಂದಿತ್ತು. ಪೆನ್ನಿನ ಟೋಪಿ ಮುಚ್ಚಿ ಎದ್ದುಹೋದೆ. ಆ ಸಾಲನ್ನು ಹಾಗೆ ಬಿಡುವುದು ನನಗೆ ಸುಲಭವಾಗಲಿಲ್ಲ ಎಂಬುದು ನಿನಗೆ ತಿಳಿದಿರಲಿ.

ಈ ತಿಂಗಳದ್ದು ಇಷ್ಟು:

5-9, ಮಂಗಳವಾರ: 38. ಹೆಬ್ಬೆಟ್ಟು ಇದೆ.
7-9, ಗುರುವಾರ: 40. ಹೆಬ್ಬೆಟ್ಟು ಇದೆ.
12-9, ಮಂಗಳವಾರ: ಅಳೆಯಲಿಲ್ಲ.
14-9, ಗುರುವಾರ: 33. ಹೆಬ್ಬೆಟ್ಟು ಇದೆ.
19-9, ಮಂಗಳವಾರ: 29. ಹೆಬ್ಬೆಟ್ಟು ಇದೆ. ಮಳೆ ಬಂದು ನೀರು ಕೆಂಪಾಗಿದೆ.

ಚಿಕ್ಕಮಲ್ಲಮ್ಮ